ಸಂಬಂಧವನ್ನೇ ಸಾಧನವಾಗಿಸಿಕೊಂಡ ಚಿಕಿತ್ಸೆ: 14 ಭೇಟಿಗಳ ಅನುಭವ

ದಕ್ಷಿಣ ಬೆಂಗಳೂರಿನಲ್ಲಿ ಖಾಸಗಿಯಾಗಿ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ನಾನು ಕಳೆದ ವರ್ಷ ವಾರಕ್ಕೊಮ್ಮೆಯಂತೆ 14 ಬಾರಿ ಹೋಗಿಬಂದೆ. ತಂದೆಯವರು ತೀರಿಕೊಂಡ ಮೇಲೆ ಆಸ್ತಿಯ ವಿಷಯವಾಗಿ ಅಣ್ಣನೊಂದಿಗೆ ಮಾತು ನಿಂತುಹೋಗಿತ್ತು, ರಾತ್ರಿಯ ನಿದ್ದೆ ಕೆಟ್ಟಿತ್ತು. ನಿದ್ದೆಗೊಂದು ಉಪಾಯ ಕೇಳಲೆಂದೇ ಹೋದವಳಿಗೆ ಅವರು ಮೊದಲ ದಿನ ಕೇಳಿದ್ದು, ‘ಚಿಕ್ಕಂದಿನಲ್ಲಿ ಬೇಸರವಾದರೆ ಮನೆಯಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದಿರಿ?’ ಎಂದು. ನನಗೆ ಉತ್ತರ ಹೊಳೆಯಲಿಲ್ಲ.

ಅವರ ವಿಧಾನದ ಬೇರು ಹಳೆಯದು. ಚಿಕಿತ್ಸಕರ ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ ಮತ್ತು ಸಹಾನುಭೂತಿ ಇರುವ ಸಂಬಂಧದಲ್ಲಿ ವ್ಯಕ್ತಿ ತಾನಾಗಿಯೇ ಬದಲಾಗುತ್ತಾನೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ವಾದಿಸಿದ್ದರು. ಬಾಲ್ಯದ ಆಸರೆಯ ಅನುಭವವೇ ಮುಂದಿನ ನಂಟುಗಳನ್ನು ರೂಪಿಸುತ್ತದೆಂಬ ಚಿಂತನೆಯನ್ನು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಬೆಳೆಸಿದರು. ಇವೆರಡನ್ನೂ ನನ್ನ ಚಿಕಿತ್ಸಕಿ ಎರಡೇ ಮಾತಿನಲ್ಲಿ ತಿಳಿಸಿ, ಉಳಿದದ್ದನ್ನು ಅನುಭವಕ್ಕೆ ಬಿಟ್ಟರು.

ಆ ಅನುಭವ ಆರನೆಯ ಭೇಟಿಯಲ್ಲಿ ಬಂದಿತು. ಅಂದು ಅವರು ಬಂದದ್ದು 20 ನಿಮಿಷ ತಡವಾಗಿ. ಕ್ಷಮೆ ಕೇಳಿದಾಗ ನಾನು ‘ಪರವಾಗಿಲ್ಲ ಮೇಡಂ’ ಎಂದೆ. ಅವರು ಮುಂದಿನ ವಿಷಯಕ್ಕೆ ಹೋಗದೆ, ‘ಪರವಾಗಿಲ್ಲ ಎನ್ನುತ್ತಿದ್ದೀರಿ, ಆದರೆ ಚೀಲವನ್ನು ಇನ್ನೂ ತೊಡೆಯ ಮೇಲಿಂದ ಕೆಳಗಿಟ್ಟಿಲ್ಲ, ಕಾಯುವಾಗ ಏನನಿಸಿತು, ಹೇಳಿ’ ಎಂದರು. ಬಹಳ ಹೊತ್ತಿನ ಮೇಲೆ, ನನ್ನ ಸಮಯಕ್ಕೆ ಬೆಲೆಯಿಲ್ಲವೆನಿಸಿತು ಎಂದು ಹೇಳುವಾಗ ಗಂಟಲು ಕಟ್ಟಿತು. ಅವರು ಸಮಜಾಯಿಷಿ ಕೊಡಲಿಲ್ಲ, ತಪ್ಪನ್ನು ಒಪ್ಪಿಕೊಂಡರು. ಹೀಗೆ ಒಬ್ಬರಿಗೆ ಎದುರಿನಲ್ಲೇ ಬೇಸರ ಹೇಳಿಯೂ ನಂಟು ಮುರಿಯದೆ ಉಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಣ್ಣನಿಗೆ ಇಪ್ಪತ್ತು ವರ್ಷಗಳಿಂದ ಇದೇ ‘ಪರವಾಗಿಲ್ಲ’ವನ್ನು ಹೇಳುತ್ತಾ ಬಂದಿದ್ದೆನೆಂಬುದೂ ಆಗಲೇ ಹೊಳೆಯಿತು.

ಮಾತುಕತೆ ಕನ್ನಡದಲ್ಲೇ ನಡೆದದ್ದು ನನ್ನ ಪಾಲಿಗೆ ದೊಡ್ಡ ಸಂಗತಿ. ನಾನು ಅಣ್ಣನ ಮೇಲಿನ ‘ಕೋಪ’ ಎಂದಾಗಲೆಲ್ಲ ಅವರು, ‘ಕೋಪವೋ ಮುನಿಸೋ?’ ಎಂದು ಕೇಳುತ್ತಿದ್ದರು. ಕೋಪ ಯಾರ ಮೇಲಾದರೂ ಬಂದೀತು. ಮುನಿಸು ನಮ್ಮವರ ಮೇಲಷ್ಟೇ ಬರುತ್ತದೆ, ಅವರು ಬಂದು ರಮಿಸಲಿ ಎಂದು ಕಾಯುತ್ತದೆ. ಇಂಗ್ಲಿಷಿನಲ್ಲಿ ಮಾತನಾಡಿದ್ದರೆ ಈ ಭೇದ ನನ್ನ ಕೈಗೆ ಸಿಗುತ್ತಿರಲಿಲ್ಲ. ಹನ್ನೊಂದನೆಯ ಭೇಟಿಯ ನಂತರ ಅಣ್ಣನಿಗೆ ನಾನೇ ಫೋನ್ ಮಾಡಿದೆ. ಆಸ್ತಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ಆದರೆ ಮಾತು ಮತ್ತೆ ಶುರುವಾಗಿದೆ.

ಕೊರತೆಯೂ ಇದೆ. ನಾನು ಹೋದದ್ದು ನಿದ್ದೆಗಾಗಿ, ಆದರೆ ನಿದ್ದೆಯ ಅಭ್ಯಾಸಗಳ ಬಗ್ಗೆ ಹತ್ತನೆಯ ಭೇಟಿಯವರೆಗೂ ಮಾತೇ ಬರಲಿಲ್ಲ. ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಅರಿವು–ವರ್ತನಾ ಚಿಕಿತ್ಸೆಯಲ್ಲಿ (ಸಿಬಿಟಿ) ನಿದ್ರಾಹೀನತೆಗೆಂದೇ ಇರುವ ಕ್ರಮವನ್ನು ಜೊತೆಯಲ್ಲೇ ಆರಂಭಿಸಬಹುದಿತ್ತು. ತಕ್ಷಣದ ಉಪಾಯ ಬಯಸುವವರಿಗೆ ಈ ನಿಧಾನ ಸಹನವಾಗದು.

ಐವತ್ತು ನಿಮಿಷದ ಒಂದು ಭೇಟಿಗೆ ನಾನು ಕೊಟ್ಟದ್ದು 1,500 ರೂಪಾಯಿ, ಇದು ಎಲ್ಲರಿಗೂ ಎಟುಕುವ ಮೊತ್ತವಲ್ಲ. ಹೋಗುವವರು ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಹಣ ಹೊಂದಿಸಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.