ಉದ್ದದ ಪದದ ಜಗಳಕ್ಕೆ ಆಕ್ಸ್‌ಫರ್ಡೋ, ವೆಬ್‌ಸ್ಟರೋ?

ಇಂಗ್ಲಿಷಿನ ಅತಿ ಉದ್ದದ ಪದ ಯಾವುದು ಅಂತ ಕ್ವಿಜ್‌ಗಳಲ್ಲಿ ನಡೆಯುವ ಜಗಳ ತೀರಿಸಬೇಕಾದರೆ ಯಾವ ನಿಘಂಟು ತೆರೆಯಬೇಕು? ನಮ್ಮ ಮತ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ, ಅಂದರೆ ಓಇಡಿಗೆ. ಐದಕ್ಕೆ ನಾಲ್ಕು ಅಂಕ. ವೆಬ್‌ಸ್ಟರ್‌ನ 1961ರ ಮೂರನೇ ಆವೃತ್ತಿಗೆ ಎರಡೂವರೆ.

45 ಅಕ್ಷರಗಳ ಆ ಪದ ಎರಡರಲ್ಲೂ ಇದೆ: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ವ್ಯತ್ಯಾಸವಿರುವುದು ವಿವರಣೆಯಲ್ಲಿ. ವೆಬ್‌ಸ್ಟರ್ ಗಂಭೀರವಾಗಿ, ಅತಿ ನುಣುಪಾದ ಸಿಲಿಕೇಟ್ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಎಂದು ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಓಇಡಿ ಮಾತ್ರ, ಇದು ಬೇಕೆಂದೇ ಕಟ್ಟಿದ ಪದ, ಉದ್ದದ ಪದಕ್ಕೆ ಉದಾಹರಣೆಯಾಗಿಯೇ ಹೆಚ್ಚಾಗಿ ಕಾಣಸಿಗುತ್ತದೆ ಎಂದು ಎಚ್ಚರಿಸುತ್ತದೆ. ಅದು ನಿಜ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಝಲರ್ಸ್ ಲೀಗ್‌ನ ಅಧ್ಯಕ್ಷ ಎವರೆಟ್ ಸ್ಮಿತ್ ಇದನ್ನು ಹೊಸೆದದ್ದು. ಕೆಜಿಎಫ್ ಗಣಿಕಾರ್ಮಿಕರ ಎದೆಗೆ ಅಂಟಿದ ಧೂಳಿನ ರೋಗಕ್ಕೆ ವೈದ್ಯರು ಬರೆದ ಹೆಸರು ಸಿಲಿಕೋಸಿಸ್. ಒಂಬತ್ತೇ ಅಕ್ಷರ, ಕೆಲಸ ನಡೆಯಿತು.

ಸ್ಪೆಲಿಂಗ್ ತಪ್ಪುವವರು ಇಡಿಯಾಗಿ ಬಾಯಿಪಾಠ ಮಾಡಲು ಹೋಗುತ್ತಾರೆ. ತುಂಡು ಮಾಡಿ: ನ್ಯುಮೋನೋ 8, ಅಲ್ಟ್ರಾ 5, ಮೈಕ್ರೋಸ್ಕೋಪಿಕ್ 11, ಸಿಲಿಕೋ 6, ವಾಲ್ಕೇನೋ 7, ಕೋನಿಯೋಸಿಸ್ 8. ಕೂಡಿದರೆ 45. ಎಡವುವುದು ಮೊದಲ ತುಂಡಿನಲ್ಲಿ. ಉಚ್ಚಾರದಲ್ಲಿ ಕೇಳಿಸದ 'ಪಿ' ಬಿಟ್ಟುಹೋಗುತ್ತದೆ, ಇಲ್ಲವೇ ನ್ಯುಮೋನಿಯಾ ನೆನಪಾಗಿ 'ಐ' ನುಸುಳುತ್ತದೆ.

ಕಟ್ಟಿದ ಪದ ಬೇಡ ಅನ್ನುವವರು 28 ಅಕ್ಷರದ ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ ಹಿಡಿದು ಬರುತ್ತಾರೆ. ಚರ್ಚಿಗೆ ಸರ್ಕಾರದ ಅಧಿಕೃತ ಸ್ಥಾನ ಇರಲಿ, ಅದನ್ನು ಕಿತ್ತುಕೊಳ್ಳಬೇಡಿ ಎಂಬ ನಿಲುವು ಅದು. ಇದನ್ನು ನಿಜವಾದ ಅರ್ಥದಲ್ಲಿ ಯಾರೂ ಬಳಸುವುದೇ ಇಲ್ಲವೆಂದು ವೆಬ್‌ಸ್ಟರ್‌ನವರು ಹೊರಗಿಟ್ಟರು. ಅದೇ ಕಾರಣಕ್ಕೆ 45ರದ್ದೂ ಹೊರಗಿರಬೇಕಿತ್ತಲ್ಲವೇ! ಅವರ ಅಂಕ ಇಳಿದದ್ದು ಇಲ್ಲೇ.

29 ಅಕ್ಷರದ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ನಮಗೆ ಹೆಚ್ಚು ಇಷ್ಟ. ಯಾವುದನ್ನಾದರೂ ಕವಡೆ ಕಿಮ್ಮತ್ತಿಲ್ಲದ್ದು ಎಂದು ತಳ್ಳಿಹಾಕುವುದು ಎಂದರ್ಥ. 'ಲೆಕ್ಕಕ್ಕಿಲ್ಲ' ಎನ್ನುವ ನಾಲ್ಕು ಲ್ಯಾಟಿನ್ ಪದಗಳನ್ನು ಪೋಣಿಸಿದ ತಮಾಷೆ ಇದೂ ಹೌದು, ಆದರೆ ಇಂಗ್ಲಿಷ್ ಕವಿ ವಿಲಿಯಂ ಶೆನ್‌ಸ್ಟೋನ್ 1741ರಲ್ಲೇ ಪತ್ರದಲ್ಲಿ ಬಳಸಿದ್ದಾನೆ. ಒಂಬತ್ತು 'ಐ' ಇದೆ, ಒಂದೂ 'ಇ' ಇಲ್ಲ; ಸ್ಪೆಲಿಂಗ್ ಸರಿನೋಡಲು ಇಷ್ಟು ಸಾಕು.

ಟೈಟಿನ್ ಪ್ರೋಟೀನಿನ 1,89,819 ಅಕ್ಷರಗಳ ರಾಸಾಯನಿಕ ಹೆಸರನ್ನು ವಾದಕ್ಕೆ ತರಬೇಡಿ. ಅಮೈನೋ ಆಮ್ಲಗಳ ಹೆಸರನ್ನು ಸಾಲಾಗಿ ಜೋಡಿಸಿದ ಸೂತ್ರ ಅದು, ನಿಘಂಟಿನವರು ಸೇರಿಸುವುದಿಲ್ಲ. ಹಾಗೆ ನೋಡಿದರೆ ಸಮಾಸ ಮಾಡುತ್ತಾ ಹೋದರೆ ಕನ್ನಡದಲ್ಲೂ ಕೊನೆಯಿಲ್ಲ.

ಓಇಡಿಗೆ ಒಂದು ಅಂಕ ಕಡಿದದ್ದು ಕೊಳ್ಳುವ ಕಷ್ಟಕ್ಕೆ. 1989ರ ಎರಡನೇ ಆವೃತ್ತಿ 20 ಸಂಪುಟ, 62.6 ಕಿಲೋ. ಆನ್‌ಲೈನ್ ಆವೃತ್ತಿಗೆ ಚಂದಾ ಬೇಕು. ಬ್ರಿಟನ್ನಿನಲ್ಲಿರುವವರು ಮೊದಲು ತಮ್ಮ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಹಾಕಿ ನೋಡಿ, ಬಹಳ ಕಡೆ ಉಚಿತ. 1991ರ ಒಂದೇ ಸಂಪುಟದ ಕಾಂಪ್ಯಾಕ್ಟ್ ಆವೃತ್ತಿ ಹಳೇ ಪುಸ್ತಕದಂಗಡಿಯಲ್ಲಿ ಕಂಡರೆ, ಜೊತೆಗೆ ಬರಬೇಕಾದ ಭೂತಗನ್ನಡಿ ಇದೆಯೇ ನೋಡಿಕೊಳ್ಳಿ. ಒಂಬತ್ತು ಪುಟಗಳನ್ನು ಕುಗ್ಗಿಸಿ ಒಂದೇ ಪುಟಕ್ಕೆ ಇಳಿಸಿದ್ದಾರೆ. ಬರಿಗಣ್ಣಿಗೆ ಆ 45 ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ.