ಕೆಂಚನ 21 ದಿನದ ಹಾಸ್ಟೆಲ್ ಟ್ರೇನಿಂಗ್: ಒಂದೂವರೆ ವರ್ಷ ಆದ ಮೇಲೆ

ನಮ್ಮ ನಾಯಿ ಕೆಂಚನನ್ನು ಟ್ರೇನಿಂಗ್ ಸೆಂಟರ್‌ಗೆ ಬಿಟ್ಟು ಬಂದಿದ್ದು ಹೋದ ವರ್ಷ ಬೇಸಿಗೆಯಲ್ಲಿ. 21 ದಿನ, ಊಟ ವಸತಿ ಸೇರಿ 24,000 ರೂಪಾಯಿ. ಸ್ಕೂಟರ್ ಬದಲಿಸೋಣ ಅಂತ ಎತ್ತಿಟ್ಟಿದ್ದ ದುಡ್ಡು ಅದು. ಪ್ಯಾಕೇಜಿನಲ್ಲಿ ಏನೇನು ಕಲಿಸುತ್ತಾರೆ ಅನ್ನುವ ಪಟ್ಟಿ ನೀವೂ ನೋಡಿರುತ್ತೀರಿ, ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಸೆಂಟರ್ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ಕೆಂಚ ನಮ್ಮ ಬೀದಿಯದೇ ನಾಯಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಎದುರಿನ ಮೋರಿ ಪಕ್ಕ ಹುಟ್ಟಿ, ಎರಡು ತಿಂಗಳಿಗೆ ಮನೆಯೊಳಗೆ ಸೇರಿಕೊಂಡವನು. ವರ್ಷ ತುಂಬುವಷ್ಟರಲ್ಲಿ 18 ಕೆಜಿ ಆಗಿದ್ದ. ಬಂದವರ ಮೇಲೆಲ್ಲ ಹಾರುತ್ತಿದ್ದ. ಹಾಲಿನವರು ಗೇಟು ಮುಟ್ಟಿದರೆ ಸಾಕು, ಇಡೀ ಕ್ರಾಸ್ ಏಳುವ ಹಾಗೆ ಬೊಗಳುತ್ತಿದ್ದ. ಒಂದು ದಿನ ವಾಕಿಂಗ್‌ನಲ್ಲಿ ಬೆಕ್ಕು ಕಂಡು ಎಳೆದ ರಭಸಕ್ಕೆ ಅಮ್ಮ ಬಿದ್ದು ಮಂಡಿ ತರಚಿಕೊಂಡರು. ಅವತ್ತು ರಾತ್ರಿಯೇ ಫೋನ್ ಮಾಡಿ ಅಡ್ವಾನ್ಸ್ ಕಟ್ಟಿದೆ.

ದಿನಾ ಸಂಜೆ ವಾಟ್ಸಾಪ್‌ಗೆ ಒಂದು ವಿಡಿಯೋ ಬರುತ್ತಿತ್ತು. ಕೆಂಚ ಕೂರುತ್ತಿದ್ದ, ಮಲಗುತ್ತಿದ್ದ, ಟ್ರೇನರ್ ಕಾಲಿಗೆ ಅಂಟಿಕೊಂಡ ಹಾಗೆ ನಡೆಯುತ್ತಿದ್ದ. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಬೀಗಿದೆ. ಈಗ ಅದೇ ವಿಡಿಯೋ ನೋಡಿದರೆ ಬೇರೆ ಏನೋ ಕಾಣುತ್ತದೆ. ಕಿವಿ ಹಿಂದಕ್ಕೆ ಅಂಟಿದೆ, ಬಾಲ ಹೊಟ್ಟೆಯ ಕೆಳಗಿದೆ, ಸುಮ್ನೆ ಸುಮ್ನೆ ತುಟಿ ನೆಕ್ಕುತ್ತಾನೆ. ಹೆದರಿದ ನಾಯಿಯ ಲಕ್ಷಣ ಅದು. ಆಗ ನನಗೆ ಶಿಸ್ತು ಅಂತ ಕಂಡಿತ್ತು.

ವಾಪಸ್ ಕರೆತರುವಾಗ ಒಂದು ಗಂಟೆ ಡೆಮೊ ಕೊಟ್ಟರು. ಕೊರಳಲ್ಲಿ ಸ್ಟೀಲಿನ ಚೋಕ್ ಚೈನ್ ಇತ್ತು, ಅಂದರೆ ಎಳೆದರೆ ಕತ್ತು ಬಿಗಿಯುವ ಸರಪಳಿ. ತಪ್ಪು ಮಾಡಿದರೆ ಒಂದು ಜಗ್ಗು, ಅಷ್ಟೇ. 'ಸರ್, ನೀವು ಲೀಡರ್ ಆಗಬೇಕು. ಇಲ್ಲಾಂದ್ರೆ ಅವನೇ ಆಗ್ತಾನೆ' ಅಂದರು ಟ್ರೇನರ್. ಮೊದಲ ಎರಡು ವಾರ ನಿಜಕ್ಕೂ ಚೆನ್ನಾಗಿತ್ತು. ಆಗಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಅದಕ್ಕೇ ಎರಡು ವಾರದ ವಿಮರ್ಶೆಗಳನ್ನು ನಾನೀಗ ನಂಬುವುದಿಲ್ಲ.

ಮೊದಲು ಕಣ್ಣಿಗೆ ಬಿದ್ದಿದ್ದು ಗೇಟಿನ ಸರಪಳಿ. ರಾತ್ರಿ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕುವುದು ನಮ್ಮ ಮನೆಯ ಹಳೆಯ ಅಭ್ಯಾಸ. ಸರಪಳಿ ಝಣ್ ಅಂದ ತಕ್ಷಣ ಕೆಂಚ ಇದ್ದಲ್ಲೇ ಕುಸಿದು ಕೂರುತ್ತಿದ್ದ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಊಟದ ಮಧ್ಯೆ ಆದರೂ ಅಷ್ಟೇ, ತಟ್ಟೆ ಬಿಟ್ಟು ಕೂತುಬಿಡುತ್ತಿದ್ದ. ಅಮ್ಮ ನಾಲ್ಕು ದಿನ ನೋಡಿ, 'ಇವನು ಮಾತು ಕೇಳ್ತಿಲ್ಲ ಕಣೋ, ಸರಪಳಿಗೆ ಹೆದರ್ತಿದಾನೆ' ಅಂದರು. ನಾನು ಒಪ್ಪಲಿಲ್ಲ. 24,000 ಕೊಟ್ಟವನು ನಾನು ಅಲ್ವಾ?

ಚೈನ್ ಬಿಚ್ಚಿದ ದಿನ ಬಣ್ಣ ಬಯಲಾಯಿತು. ಸಿಟ್ ಅಂದರೆ ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿದ. ನಾಯಿ ಒಂದು ಜಾಗದಲ್ಲಿ, ಒಬ್ಬರ ಕೈಯಲ್ಲಿ ಕಲಿತಿದ್ದನ್ನು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಮಾತಿಗೆ ತಾನಾಗಿ ಮಾಡುವುದಿಲ್ಲ. ಸೆಂಟರ್ ಅಂಗಳದ ಪಾಠವನ್ನು ನಮ್ಮ ಹಾಲ್‌ನಲ್ಲಿ, ಗೇಟಿನ ಹತ್ತಿರ, ರಸ್ತೆಯಲ್ಲಿ ಮತ್ತೆ ಮೊದಲಿಂದ ಹೇಳಿಕೊಡಬೇಕು. ಇದನ್ನು ಯಾರೂ ನಮಗೆ ತಿಳಿಸಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಅವರು ಕಲಿಸಿದ್ದೆಲ್ಲ ಇಂಗ್ಲಿಷ್. ಮನೆಯಲ್ಲಿ ಹಗಲೆಲ್ಲ ಅವನ ಜೊತೆ ಇರುವುದು ಅಮ್ಮ. ಅಮ್ಮ ಹೇಳುವುದು 'ಕೂತ್ಕೊಳೋ ಕೆಂಚಪ್ಪ', 'ಕೂರು ಅಂದ್ನಲ್ಲ', 'ಒಂದ್ ಕಡೆ ಇರಬಾರದಾ ನೀನು'. ನಾಯಿಗೆ ಇವು ಮೂರೂ ಬೇರೆ ಬೇರೆ ಸದ್ದು. 'ಬಾ' ಅನ್ನುವುದಂತೂ ಕೆಲಸಕ್ಕೇ ಬಾರದು. ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ 'ಬಾ', 'ಬನ್ನಿ', 'ಬಂದೆ' ಅನ್ನುತ್ತಿರುತ್ತೇವೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆ. ಆದರೆ ಆಗಸ್ಟ್‌ನಲ್ಲಿ ಅಕ್ಕನ ಮಗ ಬಂದಿದ್ದಾಗ, ಕೆಂಚ ಊಟ ಮಾಡುವಾಗ ತಟ್ಟೆಯ ಹತ್ತಿರ ಕೈ ಚಾಚಿದ. ಕೆಂಚ ಗುರ್ ಅನ್ನಲೂ ಇಲ್ಲ, ನೇರ ಬಾಯಿ ಹಾಕಿದ. ಚರ್ಮ ತರಚಿತ್ತು, ರಕ್ತ ಬರಲಿಲ್ಲ. ನಲ್ಲಿ ನೀರು ಬಿಟ್ಟು 15 ನಿಮಿಷ ಸೋಪು ಹಾಕಿ ತೊಳೆದು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿದೆವು. ಕೆಂಚನಿಗೆ ರೇಬಿಸ್ ಲಸಿಕೆ ಆಗಿತ್ತು. ಆದರೂ ಇದರಲ್ಲಿ ಲೆಕ್ಕಾಚಾರ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಮೊದಲೆಲ್ಲ ತಟ್ಟೆ ಹತ್ತಿರ ಹೋದರೆ ಕೆಂಚ ಗುರುಗುಟ್ಟುತ್ತಿದ್ದ. ನಾವೇ ಅದನ್ನು ದೂರಿನ ಪಟ್ಟಿಯಲ್ಲಿ ಬರೆದುಕೊಟ್ಟಿದ್ದೆವು. ಅವನು ಗುರುಗುಟ್ಟಿದಾಗಲೆಲ್ಲ ಸೆಂಟರ್‌ನವರು ಚೈನ್ ಜಗ್ಗಿ ಅದನ್ನು ನಿಲ್ಲಿಸಿದ್ದರು. ಪಶುವೈದ್ಯರ ಹತ್ತಿರ ಹೋದಾಗ ಅವರು ತಲೆ ಚಚ್ಚಿಕೊಂಡರು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ನೀವು ಎಚ್ಚರಿಕೆ ಕೊಡುವುದನ್ನು ಬಿಡಿಸಿದ್ದೀರಿ, ಒಳಗಿನ ಭಯ ಹಾಗೇ ಇದೆ ಅಂದರು. ಕತ್ತು ಬಿಗಿಯುವ ಚೈನ್ ಗಂಟಲ ಕೊಳವೆಗೂ ಕೆಟ್ಟದು ಅಂತ ಎದೆಗೆ ಹಾಕುವ ಹಾರ್ನೆಸ್ ಬರೆದುಕೊಟ್ಟರು. 850 ರೂಪಾಯಿ. ಲೀಶ್ ಸಿಕ್ಕಿಸುವ ಕೊಂಡಿ ಎದೆಯ ಮುಂದೆ ಇರುವಂಥದ್ದು. ಎಳೆದರೆ ನಾಯಿಯ ಮೈ ನಮ್ಮ ಕಡೆಗೇ ತಿರುಗುತ್ತದೆ. ಇಡೀ ಪ್ರಕರಣದಲ್ಲಿ ದುಡ್ಡು ಸಾರ್ಥಕವಾಗಿದ್ದು ಇದೊಂದಕ್ಕೆ.

ಆ 'ಲೀಡರ್' ಮಾತಿನ ಬೇರು ಹುಡುಕಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಿತ್ತಾಟ ನೋಡಿ, ಗೆದ್ದದ್ದೇ ಗುಂಪಿನ ಲೀಡರ್ ಅನ್ನುವ ಹಾಗೆ ಬರೆದದ್ದು. ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಒಂದು ಸಂಸಾರ ಅಂತ ತಿದ್ದಿ ಬರೆದರು. ಆ ಸುದ್ದಿ ನಮ್ಮ ಟ್ರೇನರ್‌ಗೆ ಇನ್ನೂ ತಲುಪಿಲ್ಲ.

ಇಲ್ಲಿಂದ ಮುಂದೆ ಕೆಲಸ ಮಾಡಿದ್ದು ಅಮ್ಮ.

ಸೆರಗಿನ ತುದಿಯಲ್ಲಿ ಹುರಿಗಡಲೆ ಗಂಟು. ಗೇಟಿನ ಸರಪಳಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಪಕ್ಕದ ರೂಮಿನಲ್ಲಿ ಒಂದು ಸಲ ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಸದ್ದು ಆದ ಮೇಲೆ ಒಂದು ಕಡಲೆ. ಮತ್ತೆ ಸದ್ದು, ಮತ್ತೆ ಕಡಲೆ. ಹತ್ತು ಸಲ ಆದರೆ ಅವತ್ತಿಗೆ ಸಾಕು. ನಾನು ಮಾಡಲು ಹೋಗಿ ಕೆಡಿಸಿದೆ. ಮೊದಲು ಕಡಲೆ ಕೊಟ್ಟು ಆಮೇಲೆ ಸರಪಳಿ ಅಲ್ಲಾಡಿಸಿದೆ. ಎರಡೇ ದಿನಕ್ಕೆ ಅವನು ನನ್ನ ಕೈಯ ಕಡಲೆ ಕಂಡರೆ ಹಿಂದೆ ಸರಿಯಲು ಶುರು ಮಾಡಿದ. ಕಡಲೆ ಬಂತು ಅಂದರೆ ಸರಪಳಿ ಬರುತ್ತದೆ ಅಂತ ಅವನ ಲೆಕ್ಕ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಅಮ್ಮನಿಗೆ ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರೆ, 'ದಸರಾ ಆನೆಗೆ ಮಾಡಿಸಲ್ವಾ?' ಅಂದರು. ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆನೆ, ಕುದುರೆ ಬೆದರಬಾರದು ಅಂತ ಮುಂಚೆಯೇ ಕೆಲವು ಸಲ ತೋಪು ಸಿಡಿಸಿ ತಾಲೀಮು ಮಾಡಿಸುತ್ತಾರೆ. ಪ್ರತಿ ವರ್ಷ ಪೇಪರಿನಲ್ಲಿ ಫೋಟೋ ನೋಡಿ ಪುಟ ತಿರುಗಿಸುತ್ತಿದ್ದವನು ನಾನು. ಅಮ್ಮ ಓದುತ್ತಿದ್ದರು.

ಪಂಚೆ ಬಿಚ್ಚಲು ಮೂರು ವಾರ, ಸರಪಳಿ ಗೇಟಿಗೆ ಮರಳಲು ಎರಡು ತಿಂಗಳು ಹಿಡಿಯಿತು. ತಟ್ಟೆಗೂ ಇದೇ ಉಪಾಯ. ದೂರದಿಂದ ಬಂದು ತಟ್ಟೆಗೆ ಇನ್ನೂ ರುಚಿಯಾದ್ದು ಏನಾದರೂ ಹಾಕಿ ಹೊರಟುಹೋಗುವುದು. ಇದಕ್ಕೆ ಕಡಲೆ ಸಾಲದು, ಕೋಳಿ ಲಿವರ್ ಬೇಕಾಯಿತು. ಅಮ್ಮನ ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ. ಹಿತ್ತಲಿನಲ್ಲಿ ಒಂದು ಇಂಡಕ್ಷನ್ ಒಲೆ ಇಟ್ಟು ಭಾನುವಾರ ನಾನೇ ಬೇಯಿಸಿ, ಚಿಕ್ಕ ಚಿಕ್ಕದಾಗಿ ಹೆಚ್ಚಿ ಡಬ್ಬಿಗೆ ತುಂಬುತ್ತೇನೆ. ಉಪ್ಪು, ಈರುಳ್ಳಿ ಹಾಕುವುದಿಲ್ಲ. ಈರುಳ್ಳಿ ನಾಯಿಗೆ ವಿಷ. ಈಗ ನಾವು ಹತ್ತಿರ ಹೋದರೆ ಕೆಂಚ ತಟ್ಟೆಯಿಂದ ತಲೆ ಎತ್ತಿ ಬಾಲ ಆಡಿಸುತ್ತಾನೆ. ಗುರ್ ಅನ್ನುವುದೂ ವಾಪಸ್ ಬಂದಿದೆ. ಮೊದಲ ಸಲ ಕೇಳಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಖುಷಿಯಾಗಲಿಲ್ಲ. ಅವಳ ಮಗ ಬಂದಾಗ ಕೆಂಚನಿಗೆ ಈಗಲೂ ರೂಮಿನ ಬಾಗಿಲು ಹಾಕಿಯೇ ಊಟ.

ನನಗೆ ತುಂಬ ಇಷ್ಟವಾದ ಹೊತ್ತು ಬೆಳಗ್ಗೆ ಆರೂಕಾಲು. ಹಾಲಿನವರ ಸೈಕಲ್ ಸದ್ದಿಗೆ ಕೆಂಚನ ಕಿವಿ ನಿಮಿರುತ್ತದೆ. ಅಮ್ಮ ಒಂದೇ ಮಾತು ಹೇಳುತ್ತಾರೆ: 'ಚಾಪೆ'. ಅವನು ಹೋಗಿ ಮೂಲೆಯ ಹರಕು ಚಾಪೆ ಮೇಲೆ ಕೂರುತ್ತಾನೆ. ಅಮ್ಮ ಕಡಲೆ ಒಂದೊಂದೇ ಕೊಡುತ್ತಾ ಬಾಗಿಲಿಗೆ ಹೋಗಿ, ಹಾಲು ತಂದು, ಕೊನೆಗೆ 'ಆಯ್ತಪ್ಪ' ಅನ್ನುತ್ತಾರೆ. ಆಮೇಲೆ ಎದ್ದು ಇಡೀ ಮನೆ ಒಂದು ಸುತ್ತು ಓಡುತ್ತಾನೆ. ಕರೆಯುವುದಕ್ಕೆ ನಮ್ಮದೀಗ 'ಓಡ್ಬಾ'. ಬೇರೆ ಯಾರಿಗೂ ಆ ಮಾತು ಬಳಸುವ ಹಾಗಿಲ್ಲ, ಬೈಯಲಂತೂ ಬಳಸಲೇಬಾರದು.

ಸೆಂಟರ್‌ಗೆ ಎರಡು ಸ್ಟಾರ್ ಕೊಡುತ್ತೇನೆ. ಒಂದು, ಊಟ, ಜಾಗ ಶುಚಿಯಾಗಿತ್ತು ಅನ್ನುವುದಕ್ಕೆ. ಇನ್ನೊಂದು ನನ್ನ ತಪ್ಪಿಗೆ. ನಾಯಿ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ ಅಂತ ದುಡ್ಡು ಕಟ್ಟುವ ಮೊದಲು ನಾನು ಕೇಳಲೇ ಇಲ್ಲ. ಕೈಯಲ್ಲಿ ಅಷ್ಟು ದುಡ್ಡಿದ್ದರೆ ಮನೆಗೇ ಬಂದು, ಲೀಶನ್ನು ನಿಮ್ಮ ಕೈಗೆ ಕೊಟ್ಟು, ಮನೆಯಲ್ಲಿ ಜಾಸ್ತಿ ಹೊತ್ತು ಇರುವವರಿಗೆ ಕಲಿಸುವವರನ್ನು ಹುಡುಕಿ. ಇಲ್ಲದಿದ್ದರೆ ಒಂದು ಹಾರ್ನೆಸ್, ಅರ್ಧ ಕೆಜಿ ಹುರಿಗಡಲೆ.

ಪಟಾಕಿ ಭಯ ಇನ್ನೂ ಹೋಗಿಲ್ಲ. ಈ ದೀಪಾವಳಿಗೂ ಮಂಚದ ಕೆಳಗೇ ಇರುತ್ತಾನೇನೋ. ಕಸದ ಗಾಡಿಯ ಹಾಡಿಗೆ ಊಳಿಡುವುದೂ ನಿಂತಿಲ್ಲ. ನಮಗೆ ಹಾಡು ಕೇಳಿಸುವ ಮೊದಲೇ, ಗಾಡಿ ಎರಡು ಕ್ರಾಸ್ ಆಚೆ ಇರುವಾಗಲೇ ಶುರು ಮಾಡುತ್ತಾನೆ. ಅಮ್ಮ ಅಷ್ಟರಲ್ಲಿ ಬಕೆಟ್ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ.