ಬಳಚಿನ ಮೇಲೆ ತಪ್ಪು ಹೊರಿಸುವ ಮುನ್ನ ದಿನ ಎಣಿಸಿ

ಅಂಕೋಲಾ ಬದಿಯ ಒಂದು ಮನೆಯಲ್ಲಿ ಆದದ್ದಿದು. ಭಾನುವಾರ ಬಳಚಿನ (ಕಪ್ಪೆಚಿಪ್ಪಿನ) ಸುಕ್ಕಾ ಮಾಡಿದ್ದರು, ಐದೂ ಜನ ತಿಂದರು. ಬುಧವಾರ ಅಜ್ಜಿಗೆ ನೀರು ನೀರಾಗಿ ಭೇದಿ. "ಬಳಚು ಕೆಟ್ಟಿತ್ತು" ಅಂದುಕೊಂಡು ಔಷಧಿ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ, ಜೊತೆಗೊಂದು ಆಂಟಿಬಯೋಟಿಕ್ ತಂದರು. ಶನಿವಾರದ ಹೊತ್ತಿಗೆ ಮೊಮ್ಮಗನಿಗೆ ಜ್ವರ, ಸೊಸೆಗೆ ಒಣಕೆಮ್ಮು. ಪರೀಕ್ಷೆ ಮಾಡಿಸಿದರೆ ಮೂವರಿಗೂ ಕೊರೊನಾ.

ಸುಳಿವು ಮೊದಲೇ ಇತ್ತು. ಹಳಸಿದ ಅನ್ನದ ವಿಷ ಒಂದರಿಂದ ಆರು ಗಂಟೆಯೊಳಗೆ ವಾಂತಿ ಬರಿಸುತ್ತದೆ. ಸರಿಯಾಗಿ ಬೇಯದ ಬಳಚು ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಾಡುತ್ತದೆ, ಒಟ್ಟಿಗೆ ತಿಂದವರಲ್ಲಿ ಇನ್ನೂ ಒಬ್ಬಿಬ್ಬರಿಗೆ ತಾಗುವುದೇ ಹೆಚ್ಚು. ಕೊರೊನಾ ತಗುಲಿದರೆ ಲಕ್ಷಣ ಕಾಣಲು 2ರಿಂದ 14 ದಿನ. ಆ ವೈರಸ್ ಅಂಟಿಕೊಳ್ಳುವ ಎಸಿಇ2 ಎಂಬ ಜೀವಕೋಶದ ಮೇಲಿನ ಪ್ರೋಟೀನ್ ಕರುಳಿನ ಒಳಪದರದಲ್ಲೂ ಇರುವುದರಿಂದ ಕೆಲವರಿಗೆ ಕೆಮ್ಮಿಗಿಂತ ಮೊದಲು ಹೊಟ್ಟೆಯೇ ಕೆಡುತ್ತದೆ.

ಮಲ ನೋಡಿದಷ್ಟಕ್ಕೇ ಯಾವುದು ಅಂತ ಹೇಳಲಾಗದು. ಮೈಕೈ ನೋವು, ಗಂಟಲು ಕೆರೆತ, ವಾಸನೆ ಹೋಗಿರುವುದು, ಮನೆಯಲ್ಲಿ ಇನ್ನೊಬ್ಬರಿಗೆ ಶೀತ ಇದ್ದರೆ ಪರೀಕ್ಷೆ ಮಾಡಿ. ಕೊರೊನಾ ಪರೀಕ್ಷೆಯ ಕಿಟ್‌ನಲ್ಲಿ ಮೊದಲ ದಿನ 'ಸಿ' ಗೆರೆ ಮಾತ್ರ ಬಂದರೆ, ಅಂದರೆ ನೆಗೆಟಿವ್ ತೋರಿಸಿದರೆ, ನಿಶ್ಚಿಂತರಾಗಬೇಡಿ, 48 ಗಂಟೆ ಬಿಟ್ಟು ಮತ್ತೆ ನೋಡಿ. ಮಲದಲ್ಲಿ ರಕ್ತ ಕಂಡರೆ ಆಮಶಂಕೆ ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ರಕ್ತ ಅಥವಾ ಜೋರು ಜ್ವರ ಇದ್ದಾಗ ಭೇದಿ ನಿಲ್ಲಿಸುವ ಮಾತ್ರೆ ಕೂಡದು, ಸಣ್ಣ ಮಕ್ಕಳಿಗಂತೂ ಬೇಡವೇ ಬೇಡ. ಆಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ, ಅದರಿಂದಲೇ ಭೇದಿ ಹೆಚ್ಚುವುದೂ ಉಂಟು.

ಅಜ್ಜಿಯನ್ನು ನಿಜಕ್ಕೂ ಹಣ್ಣು ಮಾಡಿದ್ದು ಓಆರ್‌ಎಸ್ ಕಲಸಿದ ರೀತಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದೇ ಲೋಟಕ್ಕೆ ಸುರಿದಿದ್ದರು. ಅಷ್ಟು ಗಟ್ಟಿಯಾದ ಉಪ್ಪು-ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ದೊಡ್ಡ ಪೊಟ್ಟಣಕ್ಕೆ 1 ಲೀಟರ್, ಸಣ್ಣದಕ್ಕೆ 200 ಮಿಲಿ. ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ, ಓದಿ. ಕುದಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಕಲಸಿ, 24 ಗಂಟೆ ದಾಟಿದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಂಜಿ ತಿಳಿ, ದಾಳಿಂಬೆ ಸಿಪ್ಪೆಯ ತಂಬುಳಿ ಜೊತೆಗಿರಲಿ, ಓಆರ್‌ಎಸ್ ಬದಲಿಗಲ್ಲ.

ಆರು ತಾಸಿನಿಂದ ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಚಿವುಟಿದ ಚರ್ಮ ಮೆಲ್ಲಗೆ ಇಳಿಯುತ್ತಿದೆ, ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಶೇ. 94ಕ್ಕಿಂತ ಕೆಳಗೆ ತೋರಿಸುತ್ತಿದೆ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಘಟ್ಟದ ಹಳ್ಳಿಗಳವರು ಕತ್ತಲಾಗುವ ತನಕ ಕಾಯಬೇಡಿ.